ಮೂರನೇ ಕೈ ಎಲ್ಲಿಂದ ತರೋದು?

ಯಾವುದಾದರೂ ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿಗೆ ಹೋಗಿ ನಿಂತು ನೋಡಿ. ಆಪರೇಷನ್ ಆಗಿ ಮಲಗಿದವರಿಗೆ ಎರಡು ಚೀಲ ಇರುತ್ತವೆ. ಒಂದು ಮೇಲೆ ತೂಗುತ್ತದೆ, ಒಂದು ಕೆಳಗೆ. ಮೇಲಿನದರಲ್ಲಿ ಗ್ಲೂಕೋಸು, ರಕ್ತ, ಔಷಧಿ. ಅದಕ್ಕೆ ಕಬ್ಬಿಣದ ಸ್ಟ್ಯಾಂಡು, ಸ್ಟ್ಯಾಂಡಿಗೆ ಕೊಕ್ಕೆ, ಇಳಿದು ಬರುವ ಪೈಪಿಗೆ ಹನಿ ಕಾಣುವ ಬುರುಡೆ, ವೇಗ ಏರಿಸಿ ಇಳಿಸಲು ಒಂದು ಪುಟ್ಟ ಚಕ್ರ. ರೌಂಡ್ಸಿಗೆ ಬಂದ ಡಾಕ್ಟರು ತಲೆಯೆತ್ತಿ ನೋಡುವುದು ಅದನ್ನೇ. ಕೆಳಗಿನದು ಉಚ್ಚೆ ಚೀಲ. ಅದಕ್ಕೆ ಸ್ಟ್ಯಾಂಡಿಲ್ಲ. ಮಂಚದ ಪಟ್ಟಿಗೆ ಹಳೇ ಬ್ಯಾಂಡೇಜು ಬಟ್ಟೆ ಕಟ್ಟಿ ನೇತು ಹಾಕಿರುತ್ತಾರೆ. ಗಂಟು ಜಾರಿದರೆ ಚೀಲ ನೆಲಕ್ಕೆ ಕೂರುತ್ತದೆ. ಸಿಸ್ಟರು ಬಂದು ಗೆರೆ ನೋಡಿ ಇಷ್ಟು ಎಮ್ಮೆಲ್ಲು ಎಂದು ಬರೆದುಕೊಂಡು ಹೋಗುತ್ತಾರೆ. ಬರೆದುಕೊಳ್ಳುವ ಕೈ ಬೇರೆ, ಎತ್ತುವ ಕೈ ಬೇರೆ.

ಈ ಮಾತೆಲ್ಲ ಆ ಕೆಳಗಿನ ಚೀಲದ ಬಗ್ಗೆ. 'ಉಚ್ಚೆ' ಎಂಬ ಪದ ಕಂಡು ಮೂಗು ಮುಚ್ಚಿಕೊಳ್ಳುವ ಸಾಹಿತಿಗಳಿದ್ದರೆ ದಯವಿಟ್ಟು ಪುಟ ತಿರುವಿಕೊಳ್ಳಲಿ. 'ಮೂತ್ರ' ಅಂದರೆ ಮಡಿ, 'ಉಚ್ಚೆ' ಅಂದರೆ ಮೈಲಿಗೆ. ಹಸುವಿನದಾದರೆ ಬಾಟ್ಲಿಗೆ ತುಂಬಿ ಲೇಬಲ್ಲು ಹಚ್ಚಿ ಮಾರುತ್ತಾರೆ, ಕುಡಿಯುತ್ತಾರೆ. ಮನುಷ್ಯನದಾದರೆ ಅದನ್ನು ಎತ್ತುವುದಕ್ಕೆ ಒಂದು ಜಾತಿಯೇ ಬೇಕು. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರೆಂದು ಬೀದಿಗಿಳಿದ ಪಂಡಿತರ ಮಕ್ಕಳು ಮೊಮ್ಮಕ್ಕಳು ಇವತ್ತೂ ಇದ್ದಾರೆ. ಅವರಿಗೆ ಈ ಚೀಲದಲ್ಲಿ ರಸ ಕಾಣುವುದಿಲ್ಲ. ಅವರ ಮಾತಿರಲಿ, ನಮ್ಮವರ ಕವಿತೆಗಳಲ್ಲೂ ಬೆಂಕಿ ಇದೆ, ಕತ್ತಿ ಇದೆ, ಸೂರ್ಯ ಇದ್ದಾನೆ. ದಿನಾ ಬೆಳಗ್ಗೆ ಆರು ಗಂಟೆಗೆ ಜಗ್ಗು ಹಿಡಿದು ವಾರ್ಡಿಗೆ ಹೋಗುವ ನಮ್ಮವ್ವಂದಿರ ಕೈಯಲ್ಲಿ ಏನಿದೆ ಅಂತ ಎಷ್ಟು ಜನ ಬರೆದಿದ್ದೇವೆ?

ನನ್ನ ಮಾತು ಇಷ್ಟೆ. ಈ ಚೀಲವನ್ನು ರೂಪಿಸುವಾಗ ಯಾರನ್ನೋ ಕಣ್ಣ ಮುಂದೆ ಇಟ್ಟುಕೊಂಡಿದ್ದಾರೆ. ನೆಲದ ಮೇಲೆ ಮಲಗಿದ ರೋಗಿಯನ್ನಲ್ಲ, ಚೀಲವನ್ನು ಖಾಲಿ ಮಾಡುವವಳನ್ನೂ ಅಲ್ಲ. ಡಿಸೈನ್ ಎಂಬುದು ಬಣ್ಣ ಬೆಡಗಿನ ಮಾತು ಅಂದುಕೊಂಡಿದ್ದೇವೆ. ಯಾರ ಬೆನ್ನು ಬಗ್ಗಬೇಕು, ಯಾರ ಮುಖಕ್ಕೆ ಹಾರಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕುವುದೂ ಡಿಸೈನೇ.

ಚೀಲದ ಕಥೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ತಿಳಿಯದೆ ಬೈದರೆ ಬೈಗುಳ ಗಾಳಿಗೆ ಹೋಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಫೋಲಿ ಎಂಬ ಡಾಕ್ಟರು ತುದಿಯಲ್ಲಿ ಬಲೂನಿರುವ ರಬ್ಬರ್ ನಳಿಗೆಯೊಂದನ್ನು ರೂಪಿಸಿದರು. ನಳಿಗೆಯನ್ನು ಮೂತ್ರಕೋಶಕ್ಕೆ ತೂರಿಸಿ ಬಲೂನಿಗೆ ನೀರು ತುಂಬಿದರೆ ಅದು ಜಾರಿ ಹೊರಗೆ ಬರುವುದಿಲ್ಲ. ಇವತ್ತಿಗೂ ಆಸ್ಪತ್ರೆಯಲ್ಲಿ ಅದನ್ನು ಫೋಲೀಸ್ ಎಂದೇ ಕರೆಯುತ್ತಾರೆ. ಆ ಕಾಲದಲ್ಲಿ ನಳಿಗೆಯ ಇನ್ನೊಂದು ತುದಿ ಮಂಚದ ಕೆಳಗಿನ ಬಾಯಿ ತೆರೆದ ಬಾಟ್ಲಿಗೆ ಇಳಿಯುತ್ತಿತ್ತು. ಬಾಟ್ಲಿಯೊಳಗಿನ ಕ್ರಿಮಿ ಪೈಪು ಹಿಡಿದು ಮೇಲೇರಿ ನಾಲ್ಕೈದು ದಿನದಲ್ಲಿ ಹೆಚ್ಚುಕಮ್ಮಿ ಎಲ್ಲ ರೋಗಿಗಳಿಗೂ ಸೋಂಕು ತಗಲುತ್ತಿತ್ತು. ಬಾಯಿ ಮುಚ್ಚಿದ ಚೀಲಕ್ಕೆ ಬಿಟ್ಟರೆ ಸೋಂಕು ಬಹಳ ಇಳಿಯುತ್ತದೆ ಎಂದು 1966ರಲ್ಲಿ ಕುನಿನ್ ಮತ್ತು ಮೆಕಾರ್ಮ್ಯಾಕ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ತೋರಿಸಿದರು. ಅಲ್ಲಿಂದೀಚೆಗೆ ಮುಚ್ಚಿದ ಪ್ಲಾಸ್ಟಿಕ್ ಚೀಲವೇ ನಿಯಮವಾಯಿತು. ಒಳ್ಳೆಯ ಕೆಲಸ, ಅದನ್ನು ಅಲ್ಲಗಳೆಯುವುದಿಲ್ಲ. ಎಷ್ಟೋ ಜೀವ ಉಳಿದಿವೆ.

ಚೀಲದ ನ್ಯಾಯ ಒಂದೇ: ನೀರು ತಗ್ಗಿಗೆ ಹರಿಯುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಚೀಲ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಸದಾ ಕೆಳಗೇ ಇರಬೇಕು. ಮೇಲೆತ್ತಿದರೆ ಕೊಳೆತದ್ದು ವಾಪಸು ಒಳಕ್ಕೆ ಹೋಗುತ್ತದೆ. ಹಾಗಾಗದಿರಲಿ ಎಂದು ಚೀಲದ ಬಾಯಲ್ಲಿ ಒಂದು ವಾಲ್ವು ಇಟ್ಟಿರುತ್ತಾರೆ. ಮೇಲಿಂದ ಬಂದದ್ದು ಕೆಳಗೆ ಇಳಿಯಬಹುದು, ಕೆಳಗಿನದು ಮೇಲೆ ಹತ್ತುವಂತಿಲ್ಲ. (ನಮ್ಮ ಜನಕ್ಕೆ ಈ ವಾಲ್ವಿನ ಪರಿಚಯ ಮೊದಲಿನಿಂದ ಇದೆ.) ಇಷ್ಟಾದರೂ ವಾಲ್ವು ಚೀಲದೊಳಗಿನದನ್ನು ತಡೆಯುತ್ತದೆ, ಪೈಪಿನೊಳಗೆ ನಿಂತದ್ದನ್ನಲ್ಲ. ಪೈಪು ಮೂರಡಿ ಇರುತ್ತದೆ. ಅದು ಜೋತುಬಿದ್ದು ಬಳೆಯಂತೆ ಸುತ್ತಿಕೊಂಡರೆ ಆ ಬಳೆಯಲ್ಲಿ ಉಚ್ಚೆ ನಿಲ್ಲುತ್ತದೆ, ಹಿಂದಿನದಕ್ಕೆ ದಾರಿ ಕಟ್ಟುತ್ತದೆ, ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2009ರಲ್ಲಿ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಚೀಲ ಮೂತ್ರಕೋಶಕ್ಕಿಂತ ಕೆಳಗಿರಲಿ; ಆದರೆ ನೆಲಕ್ಕೆ ತಾಗದಿರಲಿ; ಖಾಲಿ ಮಾಡುವಾಗ ಒಬ್ಬೊಬ್ಬ ರೋಗಿಗೆ ಬೇರೆ ಬೇರೆ ಶುದ್ಧ ಪಾತ್ರೆ ಇರಲಿ; ಚೀಲದ ಮೂತಿ ಪಾತ್ರೆಗೆ ತಗಲದಿರಲಿ; ಸಿಡಿಯದಿರಲಿ. ನಮ್ಮ ನರ್ಸಿಂಗ್ ಕಾಲೇಜುಗಳಲ್ಲೂ ಪರೀಕ್ಷೆಗೆ ಬರೆಯಿಸುವುದು ಇದನ್ನೇ.

ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಈ ವಾಕ್ಯದೊಳಗೆ ಸದ್ದಿಲ್ಲದೆ ಒಂದು ಮಂಚ ಅಡಗಿದೆ, ಗಮನಿಸಿದಿರಾ? ಎತ್ತರದ ಮಂಚ, ಬದಿಗೆ ಕಂಬಿ, ಕಂಬಿಗೆ ಕೊಕ್ಕೆ, ಒಂದು ಮಂಚಕ್ಕೆ ಒಬ್ಬನೇ ರೋಗಿ. ಚೀಲ ಹುಟ್ಟಿದ ದೇಶದಲ್ಲಿ ಅದೆಲ್ಲ ಇದೆ, ಹಾಗಾಗಿ ಯಾರೂ ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ನಮ್ಮಲ್ಲಿ? ಹಾಸಿಗೆ ಸಾಲದೆ ಒಂದು ಮಂಚಕ್ಕೆ ಇಬ್ಬರು ಮಲಗಿದ ವಾರ್ಡನ್ನು ನೋಡದವರು ಈ ಪತ್ರಿಕೆ ಓದುವವರಲ್ಲಿ ಯಾರಿದ್ದೀರಿ? ಕಾರಿಡಾರಿನಲ್ಲಿ, ಬಾಗಿಲ ಸಂದಿಯಲ್ಲಿ ಚಾಪೆ ಹಾಸಿ ಮಲಗಿದವರನ್ನು ದಾಟಿಕೊಂಡೇ ತಾನೆ ನಾವು ನಮ್ಮ ಅಪ್ಪ ಅವ್ವಂದಿರನ್ನು ಹುಡುಕುತ್ತ ಹೋದದ್ದು? ಚಾಪೆಯ ಮೇಲೆ ಮಲಗಿದವನ ಮೂತ್ರಕೋಶ ನೆಲದಿಂದ ಗೇಣುದ್ದ ಮೇಲಿರುತ್ತದೆ. ಅವನ ಚೀಲವನ್ನು ಅದಕ್ಕಿಂತ ಕೆಳಗೆ, ನೆಲಕ್ಕಿಂತ ಮೇಲೆ ಎಲ್ಲಿ ತೂಗು ಹಾಕುತ್ತೀರಿ? ಅವನಿಗೆ ತೂಗು ಹಾಕುವಷ್ಟು ಎತ್ತರವನ್ನೇ ಈ ದೇಶ ಕೊಟ್ಟಿಲ್ಲ. ಚೀಲ ನೆಲದ ಮೇಲೆ ಬಿದ್ದಿರುತ್ತದೆ, ಪೈಪು ಹಾವಿನಂತೆ ಸುತ್ತಿಕೊಂಡಿರುತ್ತದೆ, ಆಚೀಚೆ ಹೋಗುವವರ ಚಪ್ಪಲಿ ಅದರ ಮೇಲೆ. ಆಮೇಲೆ ಚಳಿಜ್ವರ ಬರುತ್ತದೆ. 'ಈ ಜನಕ್ಕೆ ಕ್ಲೀನ್‌ನೆಸ್ ಗೊತ್ತಿಲ್ಲ' ಅನ್ನುವ ಮಾತು ಅದರ ಹಿಂದೆಯೇ ಬರುತ್ತದೆ.

ಮಂಚ ಸಿಕ್ಕವನ ಲೆಕ್ಕವನ್ನೂ ನೋಡೋಣ. ನನ್ನ ಚಿಕ್ಕವ್ವ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆ ಲೆಕ್ಕದಲ್ಲಿ ಸ್ವಚ್ಛತೆ ಕೆಲಸ ಮಾಡುತ್ತಾಳೆ. ಕೆಲಸ ಸರ್ಕಾರದ್ದು, ಸಂಬಳ ಕಂಟ್ರಾಕ್ಟರನದು, ಬೈಗುಳ ಎಲ್ಲರದು. ಒಂದು ಸಂಜೆ ಕೂತು ಚೀಲ ಖಾಲಿ ಮಾಡುವುದು ಹೇಗೆಂದು ಕೇಳಿದೆ. ಬಿ.ಎ. ಓದಿದ ಮಗ ಇದನ್ನು ಕೇಳ್ತಾನಲ್ಲ ಅಂತ ಮೊದಲು ನಕ್ಕಳು.

"ಏನ್ ಕಂಡಿದ್ದಿಯೇ ಮಗ, ಅದ್ರ ಮೂತಿ ನೆಲುಕ್ಕೇ ತಾಕ್ಕಂಡಿರ್ತದೆ. ಎಡಗೈಲಿ ಚೀಲ ಎತ್ತಿ ಹಿಡೀಬೇಕು. ಬಲಗೈಲಿ ಮೂತಿ ಎಳೀಬೇಕು. ಜಗ್ಗ ಯಾರ್ ಹಿಡ್ಕಳಾದು? ಮೂರ್ನೇ ಕೈ ಎಲ್ಲಿಂದ ತರಾದು?"

"ಮತ್ತೆ ಹೆಂಗ್ ಮಾಡ್ತೀಯ ಚಿಕ್ಕವ್ವ?"

"ಕುಕ್ಕರುಗಾಲಲ್ಲಿ ಕುಂತು ಜಗ್ಗ ಎರಡೂ ಮಂಡಿ ಮಧ್ಯ ಅದುಮ್ಕತೀನಿ. ಮೂತಿ ಬಿಗಿಯಾಗಿರ್ತದೆ, ಜೋರಾಗಿ ಎಳುದ್ರೆ ಬುಡುಕ್ ಅಂತ ಬಿಟ್ಕತದೆ. ಸೀರೆಗೆ ಹಾರ್ತದೆ, ಒಂದೊಂದ್ ದಪ ಮೊಕುಕ್ಕೂ ಹಾರ್ತದೆ. ಅದುನ್ನ ಮಾಡುದೋನು ಒಂದಿನ ಖಾಲಿ ಮಾಡವ್ನಾ ಕೇಳು."

ಕೇಳುವುದಕ್ಕೆ ಮೊದಲು ಅಳತೆ ಹಾಕಿದೆ. ಮಂಚದ ಕೆಳಪಟ್ಟಿ ನೆಲದಿಂದ ಒಂದೂವರೆ ಅಡಿ, ಅಂದರೆ 18 ಇಂಚು. ಕಟ್ಟಿದ ಬಟ್ಟೆಯ ಜೋಲಿ 2 ಇಂಚು. ಚೀಲದ ಉದ್ದ 12. ಕೆಳಗಿನ ಮೂತಿ 3. ಉಳಿಯುವುದು ಒಂದೇ ಇಂಚು. ಒಂದಿಂಚಿನಲ್ಲಿ ಯಾವ ಜಗ್ಗು ಹಿಡಿಸುತ್ತದೆ ಸ್ವಾಮಿ? ಒಳ್ಳೆಯ ಮಂಚದ ಎತ್ತರದ ಕಂಬಿಗೆ ಕೊಕ್ಕೆ ಹಾಕಿದರೆ ಕೆಳಗೆ ಜಾಗ ಸಿಗುತ್ತದೆ. ತುಕ್ಕು ಹಿಡಿದ ಮಂಚದಲ್ಲಿ ಕಂಬಿಯೇ ಇಲ್ಲದಿದ್ದರೆ, ಆ ಇಲ್ಲದ ಕಂಬಿಯ ಬದಲು ಚಿಕ್ಕವ್ವನ ಮಂಡಿ ಬಗ್ಗುತ್ತದೆ. ಮೂತಿಯಲ್ಲೂ ಎರಡು ಥರ ಇವೆ. ಒಂದು ಕೆಳಕ್ಕೆ ಎಳೆದು ಬಿಡುವುದು. ಇನ್ನೊಂದು ಅಡ್ಡಡ್ಡ ತಳ್ಳುವುದು, ಅದನ್ನು ಹೆಬ್ಬೆರಳಲ್ಲೇ ತೆಗೆದು ಹೆಬ್ಬೆರಳಲ್ಲೇ ಮುಚ್ಚಬಹುದು. ಎರಡೂ ಅಂಗಡಿಯಲ್ಲಿ ಸಿಗುತ್ತವೆ. ಯಾವುದು ವಾರ್ಡಿಗೆ ಬರಬೇಕು ಎಂದು ತೀರ್ಮಾನಿಸುವ ಮೇಜಿನ ಸುತ್ತ ಡಾಕ್ಟರು ಕೂರಬಹುದು, ಅಕೌಂಟೆಂಟು ಕೂರಬಹುದು, ಸಪ್ಲೈದಾರ ಎದುರಿಗೆ ಕೂರುತ್ತಾನೆ. ಹೆಬ್ಬೆರಳು ಯಾರದೋ ಅವಳನ್ನು ಮಾತ್ರ ಯಾರೂ ಕರೆಯುವುದಿಲ್ಲ. ಎಷ್ಟು ಎಮ್ಮೆಲ್ ಹಿಡಿಯುತ್ತದೆ, ಎಷ್ಟು ಪೈಸೆ ಕಮ್ಮಿ, ಟೆಂಡರು ಮುಗಿಯಿತು.

ದೊಡ್ಡ ಮನುಷ್ಯ ಒಬ್ಬ ದಿನಕ್ಕೆ ಸುಮಾರು ಒಂದೂವರೆ ಲೀಟರು ಉಚ್ಚೆ ಹೊಯ್ಯುತ್ತಾನೆ. ವಾರ್ಡಿನಲ್ಲಿ ಹತ್ತು ಜನಕ್ಕೆ ನಳಿಗೆ ಹಾಕಿದ್ದರೆ 15 ಲೀಟರು. ಅಂದರೆ ತುಂಬಿದ ಒಂದು ಕೊಡ. ಇಡೀ ವಾರ್ಡಿಗೆ ಇರುವುದು ಒಂದೇ ಜಗ್ಗು. 'ಒಬ್ಬೊಬ್ಬ ರೋಗಿಗೆ ಬೇರೆ ಬೇರೆ ಪಾತ್ರೆ' ಎಂಬುದು ಪುಸ್ತಕದಲ್ಲಿ ಭದ್ರವಾಗಿದೆ. ಒಂದೇ ಜಗ್ಗು ಹತ್ತು ಮೂತಿಗೆ ತಗಲುತ್ತ ಹೋದರೆ ಕ್ರಿಮಿ ಮಂಚದಿಂದ ಮಂಚಕ್ಕೆ ನಡೆಯುತ್ತದೆ, ಕ್ರಿಮಿಗೆ ಜಾತಿ ಇಲ್ಲ. ಎತ್ತುವವಳನ್ನು ಮರೆತು ಮಾಡಿದ ಡಿಸೈನು ಮಲಗಿದವನನ್ನೂ ಕೊಲ್ಲುತ್ತದೆ. ಗೌಡರು ಮಲಗಿದ್ದರೂ ಅಷ್ಟೆ, ಶಾಸ್ತ್ರಿಗಳು ಮಲಗಿದ್ದರೂ ಅಷ್ಟೆ. ನಳಿಗೆ ಹಾಕಿದ ಮೇಲೆ ದಿನ ಒಂದಕ್ಕೆ ನೂರಕ್ಕೆ 3ರಿಂದ 7 ಜನರ ಮೂತ್ರದಲ್ಲಿ ಹೊಸದಾಗಿ ಕ್ರಿಮಿ ಸೇರುತ್ತದೆ ಎಂಬುದು ವೈದ್ಯಶಾಸ್ತ್ರದ ಸಾಮಾನ್ಯ ಲೆಕ್ಕ. ಅದು ಮುಚ್ಚಿದ ಚೀಲದ ಲೆಕ್ಕ.

ಮೇಲಿನ ಚೀಲ, ಕೆಳಗಿನ ಚೀಲ ಅಂದೆನಲ್ಲ. ಅವುಗಳ ಜಾತಕ ನೋಡಿ. ರಕ್ತದ ಚೀಲವನ್ನು ಇಲ್ಲೇ ತಯಾರಿಸುವ ತಂತ್ರಜ್ಞಾನವನ್ನು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ರೂಪಿಸಿದರು. ಪ್ಲಾಸ್ಟಿಕ್ಕು ರಕ್ತವನ್ನು ಕೆಡಿಸಬಾರದು, ಒಡೆಯಬಾರದು, ತಂಪಿನಲ್ಲಿ ಸೆಟೆಯಬಾರದು. ಎಷ್ಟು ತಲೆ ಕೆಡಿಸಿಕೊಂಡಿರಬೇಕು! ಅದು ನಮ್ಮ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. ಉಚ್ಚೆ ಚೀಲವೂ ಈಗ ಈ ದೇಶದ ಫ್ಯಾಕ್ಟರಿಗಳಲ್ಲೇ ತಯಾರಾಗಿ ಹೊರದೇಶಕ್ಕೂ ಹೋಗುತ್ತದೆ. ಆದರೆ ನಮ್ಮ ಮಂಚಕ್ಕೆ, ನಮ್ಮ ಚಾಪೆಗೆ, ನಮ್ಮ ಚಿಕ್ಕವ್ವನ ಕೈಗೆ ತಕ್ಕಂತೆ ಅದು ಹೇಗಿರಬೇಕೆಂದು ಅಷ್ಟೇ ತಲೆ ಕೆಡಿಸಿಕೊಂಡ ಗುರುತು ವಾರ್ಡಿಗೆ ಬರುವ ಚೀಲದ ಮೇಲೆ ಎಲ್ಲಿ ಕಾಣುತ್ತದೆ? ರಕ್ತ ಮೇಲು, ಉಚ್ಚೆ ಕೀಳು. ಪುರುಷಸೂಕ್ತದಲ್ಲಿ ಮೈಯನ್ನು ಬಾಯಿ, ತೋಳು, ತೊಡೆ, ಪಾದ ಎಂದು ನಾಲ್ಕು ವರ್ಣ ಮಾಡಿದವರ ಸಂತಾನ ಮೈಯೊಳಗಿನ ನೀರಿಗೂ ವರ್ಣ ಹಚ್ಚದೆ ಬಿಡುತ್ತದೆಯೇ?

ಕಾಯಿದೆ ಇಲ್ಲವೆ ಎಂದು ಕೇಳಬಹುದು. ಬೇಕಾದಷ್ಟಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಖಾಲಿಯಾದ ಉಚ್ಚೆ ಚೀಲ, ನಳಿಗೆ ಎಲ್ಲ ಕೆಂಪು ಚೀಲಕ್ಕೆ ಹೋಗಬೇಕು. ಆ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು, ಕೈಗವಸು ಮುಂತಾದ ರಕ್ಷಣೆ ಕೊಡುವುದು ಆಸ್ಪತ್ರೆಯ ಹೊಣೆ ಎಂದು ಅದೇ ನಿಯಮ ಹೇಳುತ್ತದೆ. ಚಿಕ್ಕವ್ವನನ್ನು ಕೇಳಿದೆ. ಕೊರೋನಾ ಸೂಜಿ ಹಾಕಿದರಂತೆ. ಬೇರೆ ಯಾವ ಸೂಜಿಯೂ ಗೊತ್ತಿಲ್ಲ. ಗ್ಲೌಸು ಹರಿದರೆ ಇನ್ನೊಂದು ಜೊತೆ ಕೇಳಬೇಕು, ಕೇಳಿದರೆ 'ನಿನ್ನೆ ತಾನೆ ಕೊಟ್ಟಿದ್ದೆ' ಅನ್ನುತ್ತಾನಂತೆ ಸೂಪರ್‌ವೈಸರು. 2020ರ ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂವಿನ ಪಕಳೆ ಸುರಿದವು. ಕೆಳಗೆ ಬಿದ್ದ ಪಕಳೆ ಗುಡಿಸಿದವರು ಯಾರು ಎಂದು ಯಾವ ಟೀವಿಯೂ ತೋರಿಸಲಿಲ್ಲ.

ಇನ್ನೊಂದು ಕಾಯಿದೆ 2013ರದು, ಮಲ ಹೊರುವ ಪದ್ಧತಿಯನ್ನು ನಿಷೇಧಿಸುವುದು. ಅದರೊಳಗೆ ಒಂದು ವಿವರಣೆ ಇದೆ, ಹುಡುಕಿ ಓದಿ: ಸರ್ಕಾರ ಸೂಚಿಸಿದ ಸಲಕರಣೆ ಬಳಸಿ, ರಕ್ಷಣೆಯ ಉಡುಪು ತೊಟ್ಟು ಮಲ ಶುಚಿ ಮಾಡುವವರನ್ನು ಮಲ ಹೊರುವವರೆಂದು ಪರಿಗಣಿಸುವುದಿಲ್ಲ. ಗ್ಲೌಸು ತೊಟ್ಟ ಗಳಿಗೆಯಲ್ಲಿ ಅವನು ಬೇರೆ ಮನುಷ್ಯನಾಗಿಬಿಡುತ್ತಾನೆ! ಎಂಥ ಮಾಯಾ ಗ್ಲೌಸು! ಗ್ಲೌಸಿನೊಳಗಿನ ಕೈ ಯಾವ ಕೇರಿಯದು ಎಂದು ಕಾಯಿದೆ ಕೇಳುವುದಿಲ್ಲ.

ಇಲ್ಲಿ ನಮ್ಮ ಗೆಳೆಯರೇ ಒಂದು ಪ್ರಶ್ನೆ ಎತ್ತುತ್ತಾರೆ. ಸಭೆಯಲ್ಲಿ ಒಬ್ಬರು ಎತ್ತಿದರು ಕೂಡ: 'ಚೀಲದ ಮೂತಿ ಸರಿ ಮಾಡಿ ಅಂತ ಕೇಳೋದು ಅಂದ್ರೆ ಒಳ್ಳೇ ಬುಟ್ಟಿ ಕೊಡಿ ಅಂತ ಕೇಳಿದ ಹಾಗಲ್ವೇ?' ಪ್ರಶ್ನೆ ಸಣ್ಣದಲ್ಲ. ಅದರ ಹಿಂದೆ ಚರಿತ್ರೆ ಇದೆ. 1957ರಲ್ಲಿ ಕೇಂದ್ರ ಸರ್ಕಾರ ಮಲ್ಕಾನಿ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. ತಲೆಯ ಮೇಲಿನ ಮಲದ ಬುಟ್ಟಿ ಇಳಿಸಿ ತಳ್ಳುಗಾಡಿ ಕೊಡಿ ಎನ್ನುವುದು ಆ ಕಾಲದ ಸುಧಾರಣೆ. ಗಾಡಿ ಬಂದ ಕಡೆಯೂ ತಳ್ಳುವವರು ಬದಲಾಗಲಿಲ್ಲ. ತಲೆಯಿಂದ ಕೈಗೆ ಇಳಿಯಿತು, ಅಷ್ಟೆ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಅರಸು ಮಂತ್ರಿಮಂಡಲದಲ್ಲಿದ್ದಾಗ ಮಾಡಿದ್ದು ಬೇರೆ. ಅವರು ಬುಟ್ಟಿಯನ್ನು ಚಂದ ಮಾಡಲಿಲ್ಲ. ತಲೆ ಮೇಲೆ ಮಲ ಹೊರುವುದೇ ಕೂಡದು ಎಂದರು.

ಸರಿ. ಆದರೆ ಉಚ್ಚೆ ಚೀಲವನ್ನು ಹಾಗೆ ನಿಷೇಧಿಸುವುದಕ್ಕಾಗುತ್ತದೆಯೇ? ಒಣಪಾಯಿಖಾನೆ ಮನುಷ್ಯನ ಸೋಮಾರಿತನಕ್ಕೂ ಜಾತಿ ಸೊಕ್ಕಿಗೂ ಹುಟ್ಟಿದ್ದು. ಅದು ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ. ಉಚ್ಚೆ ಕಟ್ಟಿಕೊಂಡ ಮುದುಕನಿಗೆ ನಳಿಗೆ ಹಾಕದಿದ್ದರೆ ಅವನು ಸಾಯುತ್ತಾನೆ. ಚೀಲ ಬೇಕು. ಕಾಯಿಲೆಯವನ ಉಚ್ಚೆಯನ್ನು ಯಾರಾದರೂ ಎತ್ತಲೇಬೇಕು. ಆ ಕೆಲಸದಲ್ಲಿ ಹೀನ ಏನೂ ಇಲ್ಲ, ಪ್ರತಿಯೊಬ್ಬ ತಾಯಿಯೂ ಮಾಡಿದ್ದಾಳೆ. ಹೀನವಾಗಿರುವುದು ಅದನ್ನು ಒಂದೇ ಕೇರಿಯ ಹೆಸರಿಗೆ ಬರೆದದ್ದು, ಬರೆದು ಅದಕ್ಕೆ ಸೇವೆ ಎಂದು ಹೆಸರಿಟ್ಟದ್ದು. ಕುವೆಂಪು ಅವರ 'ಜಲಗಾರ' ನಾಟಕದಲ್ಲಿ ಶಿವನೇ ಜಲಗಾರನಾಗಿ ಬರುತ್ತಾನೆ. ಆ ಕಾಲಕ್ಕೆ ಗುಡಿಯವರ ಮುಖಕ್ಕೆ ಹೊಡೆದಂಥ ನಾಟಕ, ಗೌರವ ಇದೆ. ನನಗಿರುವ ತಕರಾರು ಶಿವನ ಮೇಲೆ: ಬಂದವನು ಪೊರಕೆಯನ್ನು ತಾನು ಇಟ್ಟುಕೊಂಡು ಇವನನ್ನು ಕೈಲಾಸಕ್ಕೆ ಕಳಿಸಬಹುದಿತ್ತು. ಜಲಗಾರನ ಕೆಲಸವನ್ನು ಹೊಗಳಿ ಹೊಗಳಿಯೇ ಅವನನ್ನು ಅಲ್ಲಿ ಕಟ್ಟಿಹಾಕುವ ಗಾಂಧಿಯವರ ದಾರಿಯನ್ನು ಬಾಬಾಸಾಹೇಬರು 1945ರ ತಮ್ಮ ಪುಸ್ತಕದಲ್ಲಿ ಬಿಡಿಸಿ ಬಿಡಿಸಿ ಟೀಕಿಸಿದ್ದಾರೆ.

ಆದ್ದರಿಂದ ಎರಡನ್ನೂ ಒಟ್ಟಿಗೇ ಕೇಳಬೇಕು. ಮೂತಿ ಬದಲಾಗಲಿ, ಎತ್ತುವ ಕೈಯೂ ಬದಲಾಗಲಿ. ಮೂತಿ ಒಂದನ್ನೇ ಕೇಳಿದರೆ ಮಲ್ಕಾನಿಯ ತಳ್ಳುಗಾಡಿ. ಕೈ ಒಂದನ್ನೇ ಕೇಳಿ ಕ್ರಾಂತಿ ಆಗುವ ತನಕ ಕಾದರೆ, ಅಲ್ಲಿಯವರೆಗೆ ಚಿಕ್ಕವ್ವನ ಮುಖಕ್ಕೆ ಹಾರುತ್ತಲೇ ಇರುತ್ತದೆ. ಸಭೆಯಲ್ಲಿ ಪ್ರಶ್ನೆ ಕೇಳಿದ ಗೆಳೆಯನಿಗೆ ನಾನು ಹೇಳಿದ್ದು ಇದನ್ನೇ, ಇಷ್ಟು ಮೆತ್ತಗೆ ಅಲ್ಲ.

ಡಿಸೈನ್ ಕಲಿಯುವ ಹುಡುಗರಿಗೂ ಒಂದು ಮಾತಿದೆ. ನೀವು 'ಬಡವರಿಗಾಗಿ ಕಡಿಮೆ ಖರ್ಚಿನ' ಪ್ರಾಜೆಕ್ಟು ಮಾಡುತ್ತೀರಿ, ಬಹುಮಾನ ಬರುತ್ತದೆ. ನಾಳೆ ಯಾರಾದರೂ 'ಚಾಪೆ ರೋಗಿಗಳಿಗಾಗಿ ಚಪ್ಪಟೆ ಚೀಲ' ಮಾಡಿ ತಂದರೆ ನಾನು ಚಪ್ಪಾಳೆ ತಟ್ಟುವುದಿಲ್ಲ. ಚಾಪೆಗೆ ಹೊಂದುವ ಚೀಲ ಬಂದರೆ ಚಾಪೆ ಕಾಯಂ ಆಗುತ್ತದೆ. ಆಸ್ಪತ್ರೆಯಲ್ಲಿ ನೆಲದ ಮೇಲೆ ಮಲಗಿದವನಿಗೆ ಬೇಕಾದದ್ದು ಹೊಸ ಚೀಲವಲ್ಲ, ಮಂಚ. ಅಲ್ಲಿ ಮಂಚವೇ ಡಿಸೈನು.

ಮನೆಗೆ ಹೋದವನ ಕಥೆ ಬೇರೆ, ಅಲ್ಲಿ ನಿಜವಾಗಿ ತಲೆ ಓಡಿಸುವ ಕೆಲಸ ಇದೆ. ಅಡಿಕೆ ಮರ, ತೆಂಗಿನ ಮರದಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡ ಕೂಲಿಯವರು. ಗಾರೆ ಕೆಲಸದಲ್ಲಿ ಸಾರುವೆ ಕುಸಿದು ಬಿದ್ದವರು. ಪ್ರಾಸ್ಟೇಟ್ ಬೆಳೆದು, ಆಪರೇಷನ್ನಿಗೆ ತಾರೀಖು ಸಿಗದೆ ತಿಂಗಳುಗಟ್ಟಲೆ ನಳಿಗೆ ಹೊತ್ತು ತಿರುಗುವ ರೈತರು. ಇವರಿಗೆ ಮನೆಯಲ್ಲಿ ಕಂಬಿಯ ಮಂಚ ಇರುವುದಿಲ್ಲ. ಆಸ್ಪತ್ರೆಯ ಮಂಚಕ್ಕೆಂದು ಮಾಡಿದ ಎರಡು ಲೀಟರಿನ ಚೀಲವನ್ನೇ ಕೈಗೆ ಕೊಟ್ಟು ಕಳಿಸುತ್ತಾರೆ. ಅದನ್ನು ವೈರ್ ಬ್ಯಾಗಿನಲ್ಲಿಟ್ಟು, ಮೇಲೆ ಟವೆಲ್ಲು ಮುಚ್ಚಿ ಬಸ್ಸು ಹತ್ತುತ್ತಾರೆ. ಬಸ್ಸಿನಲ್ಲಿ ಕೂತಾಗ ಚೀಲ ತೊಡೆಯ ಮೇಲೆ ಬರುತ್ತದೆ, ಅಂದರೆ ಮೂತ್ರಕೋಶಕ್ಕಿಂತ ಮೇಲೆ. ಕಾಲಿನ ಬಳಿ ಇಟ್ಟರೆ ತುಳಿಯುತ್ತಾರೆ. ಚೀಲ ಕನ್ನಡಿಯಂತೆ ಪಾರದರ್ಶಕ, ಒಳಗಿನದು ಊರಿಗೆಲ್ಲ ಕಾಣಬೇಕು. ಸಿಸೇರಿಯನ್ ಆದ ಬಾಣಂತಿ ಒಂದು ಕೈಲಿ ಚೀಲ, ಒಂದು ಕೈಲಿ ಸೀರೆ ಹಿಡಿದು ಗಂಡಸರ ಎದುರಿಗೆ ಕಾರಿಡಾರು ದಾಟುವುದನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಕಾಲಿಗೆ ಪಟ್ಟಿಯಿಂದ ಕಟ್ಟಿಕೊಳ್ಳುವ ಸಣ್ಣ ಚೀಲ ಎಂಬುದೊಂದು ಲೋಕದಲ್ಲಿದೆ, ಪಂಚೆಯ ಒಳಗೆ, ಸೀರೆಯ ಒಳಗೆ ಮರೆಯಾಗಿ ನಿಲ್ಲುತ್ತದೆ. ನಮ್ಮ ತಾಲ್ಲೂಕಿನ ಮೆಡಿಕಲ್ ಸ್ಟೋರುಗಳಲ್ಲಿ ಕೇಳಿ ನೋಡಿದ್ದೇನೆ, ಹಾಗೆಂದರೇನು ಅಂತ ನನ್ನನ್ನೇ ಕೇಳಿದರು.

ಆಗುವುದಿಲ್ಲ ಎನ್ನಬೇಡಿ. ಜೈಪುರದ ಕಾಲಿನ ಕಥೆ ಗೊತ್ತಲ್ಲ? ವಿಲಾಯಿತಿ ಕೃತಕ ಕಾಲಿಗೆ ಬೂಟು ಬೇಕಿತ್ತು, ಕುರ್ಚಿ ಬೇಕಿತ್ತು. ಚಕ್ಕಳಮಕ್ಕಳ ಹಾಕಿ ಕೂರುವವನಿಗೆ, ಕುಕ್ಕರುಗಾಲಲ್ಲಿ ಕೂರುವವನಿಗೆ, ಬರಿಗಾಲಲ್ಲಿ ಕೆಸರುಗದ್ದೆಗೆ ಇಳಿಯುವವನಿಗೆ ಅದು ಬರೀ ಕೊರಡು. 1960ರ ದಶಕದ ಕೊನೆಗೆ ಜೈಪುರದ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಡಾಕ್ಟರ್ ಪಿ.ಕೆ. ಸೇಠಿಯವರ ಜೊತೆ ಕೂತು ರಬ್ಬರಿನಲ್ಲಿ, ಮರದಲ್ಲಿ ನೆಲಕ್ಕೆ ಒಗ್ಗುವ ಕಾಲು ಮಾಡಿದರು. ಹೆಚ್ಚು ಓದಿದವರಲ್ಲ ಅವರು. ಆದರೆ ಕಾಲಿಲ್ಲದವನು ಹೇಗೆ ಕೂರುತ್ತಾನೆ, ಹೇಗೆ ಏಳುತ್ತಾನೆ ಎಂದು ದಿನಾ ನೋಡುತ್ತಿದ್ದರು. 1981ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು, ಡಾಕ್ಟರಿಗೆ. ಈ ದೇಶದಲ್ಲಿ ಕೈಗೆ ಬಹುಮಾನ ಬರುವುದಿಲ್ಲ, ತಲೆಗೆ ಬರುತ್ತದೆ. ಅದನ್ನು ಬಿಡಿ. ಕೈಯನ್ನು ಮೇಜಿಗೆ ಕರೆದರೆ ವಸ್ತುವಿನ ಆಕಾರವೇ ಬದಲಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ.

ಹಾಗಾದರೆ ಚಿಕ್ಕವ್ವನನ್ನು ಮೇಜಿಗೆ ಕರೆಯಿರಿ. ಅವಳು ಏನು ಹೇಳುತ್ತಾಳೆ ಎಂದು ನಾನು ಕೇಳಿ ಬರೆದುಕೊಂಡಿದ್ದೇನೆ. ಮಂಚಕ್ಕೆ ಕೊಕ್ಕೆಯಾಗಲಿ, ಅದಕ್ಕೆ ಕಂಬಿ ಇಲ್ಲದಿದ್ದರೆ ನೆಲಕ್ಕೂರುವ ಮೊಣಕಾಲುದ್ದದ ಕಬ್ಬಿಣದ ಸ್ಟ್ಯಾಂಡಾಗಲಿ ಬೇಕು, ಬೀದಿ ತುದಿಯ ವೆಲ್ಡಿಂಗ್ ಅಂಗಡಿಯವನು ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ. ಮೂತಿ ಅಡ್ಡ ತಳ್ಳುವಂಥದು ಇರಲಿ, ಒದ್ದೆ ಗ್ಲೌಸಿನಲ್ಲೂ ಜಾರದಂತೆ ಗರಗರ ಇರಲಿ. ಮೂತಿಯ ತುದಿಗೆ ಗೇಣುದ್ದ ಮೆತ್ತನೆ ಪೈಪಿದ್ದರೆ ಜಗ್ಗಿನೊಳಗೆ ಬಗ್ಗಿಸಿ ಬಿಡಬಹುದು, ಹಾರುವುದಿಲ್ಲ. ಬಿಟ್ಟ ಮೇಲೆ ಮೇಲಕ್ಕೆ ಮಡಚಿ ಸಿಕ್ಕಿಸಲು ಒಂದು ಕಿವಿ. ಚೀಲದ ನೆತ್ತಿಗೆ ನಾಲ್ಕು ಬೆರಳು ಹಿಡಿಸುವ ಹಿಡಿ, ತುಂಬಿದ ಚೀಲ ಎರಡು ಕೆ.ಜಿ. ತೂಗುತ್ತದೆ, ಈಗಿನ ಸೀಳು ಬೆರಳು ಕತ್ತರಿಸುತ್ತದೆ. ಗೆರೆಗಳ ಪಕ್ಕ ಇಂಗ್ಲಿಷಿನಲ್ಲಿ ಏನೋ ಬರೆದಿದೆ, ಅವಳಿಗೆ ಓದಲು ಬರುವುದಿಲ್ಲ. 'ಇಷ್ಟಕ್ಕೆ ಬಂದಾಗ ಖಾಲಿ ಮಾಡು' ಅಂತ ಒಂದು ಕೆಂಪು ಗೆರೆ ಸಾಕು. "ಅಷ್ಟ್ ಓದ್ದೋರಿಗೆ ಒಂದ್ ಕೆಂಪ್ಗೆರೆ ಎಳ್ಯಕ್ಕೆ ಬರಾಕಿಲ್ವಾ?" ಅಂದಳು. ಕೊನೆಗೆ ಅವಳು ಕೇಳಿದ್ದು ಚೀಲದ ವಿಷಯ ಅಲ್ಲ: "ಸಿಸ್ಟ್ರೂ ಒಂದ್ ಪಾಳಿ ಎತ್ಲಿ, ವಾರ್ಡ್ ಬಾಯ್ ಒಂದ್ ಪಾಳಿ ಎತ್ಲಿ, ನಾನೊಂದ್ ಪಾಳಿ ಎತ್ತೀನಿ. ನಂಗೂ ಒಂದಿನ ಗೆರೆ ನೋಡಿ ಬರಿಯೋ ಕೆಲ್ಸ ಕಲಿಸ್ಲಿ."

ಇದು ನಡೆಯುವ ತನಕ ನಾವು ಮಾಡಬಹುದಾದ ಕೆಲಸ ಇದೆ, ಅದಕ್ಕೆ ದೊಡ್ಡ ಸಮ್ಮೇಳನ ಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಎಂಬುದಿರುತ್ತದೆ, ಅದರಲ್ಲಿ ಯಾರಿದ್ದಾರೆ ಎಂದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ, ತಿಳಿದುಕೊಳ್ಳಿ. ಹಳ್ಳಿಯ ಮೇಷ್ಟ್ರುಗಳು ವಾರ್ಡಿಗೆ ಹೋದಾಗ ಜೇಬಿನಲ್ಲಿ ಒಂದು ಟೇಪು ಇಟ್ಟುಕೊಂಡು ಮಂಚದ ಪಟ್ಟಿಯಿಂದ ನೆಲಕ್ಕೆ ಎಷ್ಟು ಇಂಚು ಎಂದು ಅಳೆದು ಬರೆದುಕೊಳ್ಳಲಿ. ವಿದ್ಯಾರ್ಥಿ ಗೆಳೆಯರು ತಮ್ಮ ತಮ್ಮ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಲಿ. ಕೇಳಬೇಕಾದದ್ದು: ಕಳೆದ ಮೂರು ವರ್ಷದಲ್ಲಿ ಕೊಂಡ ಉಚ್ಚೆ ಚೀಲದ ಟೆಂಡರಿನಲ್ಲಿ ಮೂತಿಯ ಬಗ್ಗೆ, ಕೊಕ್ಕೆಯ ಬಗ್ಗೆ ಏನು ಬರೆದಿದೆ, ಅದನ್ನು ಒಪ್ಪಿದ ಸಮಿತಿಯಲ್ಲಿ ಯಾರ್ಯಾರಿದ್ದರು, ಗುತ್ತಿಗೆಯ ಸ್ವಚ್ಛತಾ ಕೆಲಸಗಾರರಲ್ಲಿ ಎಷ್ಟು ಜನಕ್ಕೆ ಹೆಪಟೈಟಿಸ್ ಬಿ ಲಸಿಕೆ ಮೂರೂ ಸುತ್ತು ಹಾಕಿಸಿದ್ದೀರಿ, ತಾರೀಖು ಸಮೇತ, ತಿಂಗಳಿಗೆ ತಲೆಗೆ ಎಷ್ಟು ಜೊತೆ ಗ್ಲೌಸು ಕೊಟ್ಟಿದ್ದೀರಿ. ಅರ್ಜಿಗೆ ಹತ್ತು ರೂಪಾಯಿ. 'ಮೂತ್ರ ಸಂಗ್ರಹಣಾ ಚೀಲ' ಎಂದು ಬರೆಯಿರಿ, ಇಲ್ಲದಿದ್ದರೆ ಗುಮಾಸ್ತ ಅರ್ಥವಾಗಲಿಲ್ಲ ಎಂದು ವಾಪಸು ಕಳಿಸುತ್ತಾನೆ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರದ ಒಂದು ಪ್ರತಿ ಈ ಪತ್ರಿಕೆಗೂ ಕಳಿಸಿ.